ಮೂರನೇ ಅಡ್ಡಗಲ್ಲು

ಆ ವರ್ಷ ನಮ್ಮ ಕೆರೆಯ ಹಕ್ಕಿಗೂಡುಗಳನ್ನು ಉಳಿಸಿದ್ದು ಪ್ಲಾಸ್ಟಿಕ್ ಕವರುಗಳು. ನಾನಲ್ಲ, ಕಾಲೋನಿಯವರೂ ಅಲ್ಲ, ಕೆರೆ ದೇವತೆ ಗಂಗಮ್ಮನೂ ಅಲ್ಲ. ಗಂಗಮ್ಮನ ವಿಷಯ ಖಾತ್ರಿಯಾಗಿ ಹೇಳಲಾರೆ, ಆದರೆ ನಾನಲ್ಲ ಎನ್ನುವುದು ಖಾತ್ರಿ. ಆಮೇಲೆ ಒಂದು ಭಾನುವಾರ ಕಾಲೋನಿಯವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಕೆರೆ ಕಾಯ್ದ ತಾಯಿ ಎಂದು ಮೈಕಿನಲ್ಲಿ ಕೂಗಿದರು. ನಾನು ಕಾಯಲಿಲ್ಲ ಎಂದರೆ ಚಪ್ಪಾಳೆ ತಟ್ಟಿದರು. ಶಾಲು ಬೆಚ್ಚಗಿತ್ತು, ಇಟ್ಟುಕೊಂಡೆ. ನಡೆದದ್ದು ಬೇರೆ. ಅದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಕೆ.ಆರ್. ಪುರದ ಹಿಂದಿನ ಊರು. ಊರು ಎನ್ನುವುದು ಈಗ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಆಗಿನ್ನೂ ತೂಗುಸೇತುವೆ ಹೊಸದು, ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ನಾವು ನೀರುಗಂಟಿ ಮನೆಯವರು. ಕೆರೆಯ ತೂಬು ಎತ್ತಿ, ಯಾರ ಹೊಲಕ್ಕೆ ಎಷ್ಟು ನೀರು ಎಂದು ಹಾಯಿಸುವುದು ನಮ್ಮ ಕೆಲಸ. ತೂಬು ಮುಟ್ಟುವ ಹಕ್ಕು ನಮ್ಮದು, ಗುಡಿಯೊಳಗೆ ಹೋಗುವ ಹಕ್ಕು ಬೇರೆಯವರದು, ಹಾಗೆ ನಡೆದುಕೊಂಡು ಬಂದಿತ್ತು. ಗಂಡ ತೀರಿಕೊಂಡ. ಮಗನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ತೂಬು ನನ್ನ ತಲೆಗೆ ಬಂತು. ಹೆಂಗಸು ತೂಬು ಎತ್ತಬಾರದು ಎಂದು ಊರಲ್ಲಿ ನಾಲ್ಕು ಜನ ಹೇಳಿದರು. ಹಾಗಾದರೆ ನೀವೇ ಇಳಿಯಿರಿ ಎಂದೆ. ನೀರಿನ ಬಣ್ಣ ನೋಡಿ ಸುಮ್ಮನಾದರು.

ತೂಬು ಹೇಗಿರುತ್ತದೆ ಎಂದು ಈಗಿನವರಿಗೆ ಗೊತ್ತಿಲ್ಲ. ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲಿ ಎರಡು ಕಲ್ಲುಕಂಬ ನಿಂತಿರುತ್ತವೆ. ಎರಡರ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಗಲ್ಲುಗಳು, ಪ್ರತಿ ಅಡ್ಡಗಲ್ಲಿನ ಮಧ್ಯದಲ್ಲಿ ತೂತು. ಆ ತೂತುಗಳಲ್ಲಿ ಉದ್ದನೆಯ ಮರದ ಕೋಲು ಇಳಿದಿರುತ್ತದೆ. ಕೋಲಿನ ತುದಿಗೆ ಬುಗುರಿ ಆಕಾರದ ಮರದ ಬಿರಡೆ. ತಳದ ಹಾಸುಗಲ್ಲಿನಲ್ಲಿ ಒಂದು ಕಂಡಿ ಇದೆ. ಬಿರಡೆ ಅದರಲ್ಲಿ ಕೂತರೆ ನೀರು ನಿಲ್ಲುತ್ತದೆ. ಎತ್ತಿದರೆ ನೀರು ಏರಿಯ ಅಡಿಯ ಕಲ್ಲುಮೋರಿಯಲ್ಲಿ ನುಗ್ಗಿ ಆಚೆ ಕಾಲುವೆಗೆ ಬೀಳುತ್ತದೆ. ಇಷ್ಟೇ ಯಂತ್ರ.

ನನ್ನ ಮಾವ ಎರಡು ಮಾತು ಹೇಳಿಕೊಟ್ಟಿದ್ದರು. ಮೊದಲನೆಯದು, ಮೇಲಿನಿಂದ ಮೂರನೇ ಅಡ್ಡಗಲ್ಲು ನೀರಿನಿಂದ ಹೊರಗೆ ಕಂಡ ಕೂಡಲೇ ತೂಬು ಮುಚ್ಚಬೇಕು. ಅದರಿಂದ ಕೆಳಗಿನ ನೀರು ಗಂಗಮ್ಮನ ಪಾಲು. ದನ, ಮೀನು, ಹಕ್ಕಿ ಅದರಲ್ಲಿ ಬದುಕಬೇಕು. ಎಂಥ ಬರಗಾಲ ಬಂದರೂ ಮನುಷ್ಯರು ಅದನ್ನು ಕೇಳುವ ಹಾಗಿಲ್ಲ. ಎರಡನೆಯದು, ಮೋರಿಯ ಬಾಯನ್ನು ಹೊರಗಡೆಯಿಂದ ಯಾವತ್ತೂ ಮುಚ್ಚಬಾರದು. ಮುಚ್ಚಿದರೆ ನೀರು ಏರಿಯ ಹೊಟ್ಟೆಯಲ್ಲಿ ನಿಂತು ಏರಿ ಒಡೆಯುತ್ತದೆ. ಯಾಕೆ, ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಅವರು ಅದೂ ಇಲ್ಲ.

ಶಿವರಾತ್ರಿ ಕಳೆದಿತ್ತು, ಯುಗಾದಿ ಬಂದಿರಲಿಲ್ಲ. ಏರಿಯ ಮೇಲಿನ ಹೊಂಗೆ ಮರಗಳು ಎಲೆ ಉದುರಿಸಿ ಹೊಸ ಚಿಗುರು ಬಿಟ್ಟಿದ್ದವು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಬೆಳಿಗ್ಗೆ ಅಲ್ಲಿ ಕೂತರೆ ತಂಪು. ಮೊದಲು ಆ ಹೊತ್ತಿಗೆ ಕೆರೆ ಅರ್ಧಕ್ಕೆ ಇಳಿದಿರುತ್ತಿತ್ತು. ಈಗ ಮೇಲಿನ ಬಡಾವಣೆಗಳ ಬಚ್ಚಲು ನೀರು ವರ್ಷವಿಡೀ ಬರುತ್ತದೆ, ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ. ವಾಸನೆ ಇರುತ್ತದೆ. ಆದರೂ ಜೊಂಡು ಆಳೆತ್ತರ ಬೆಳೆದು, ಅದರೊಳಗೆ ಹಕ್ಕಿಗಳು ಸಂತೆ ಕಟ್ಟಿದ ಹಾಗೆ ಗಲಾಟೆ ಮಾಡುತ್ತಿದ್ದವು. ಕೊಳೆ ನೀರಿಗೆ ಇಷ್ಟೊಂದು ಹಕ್ಕಿ ಯಾಕೆ ಬರುತ್ತವೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಶುದ್ಧ ನೀರಿದ್ದಾಗ ಇಷ್ಟು ಬಂದದ್ದು ನೆನಪಿಲ್ಲ.

ಕೆರೆಯ ಪಕ್ಕದ ಹೊಸ ಕಾಲೋನಿಯ ಒಬ್ಬರು ದಿನಾ ವಾಕಿಂಗ್ ಬರುತ್ತಿದ್ದರು. ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು. ಮಡಚುವ ಸ್ಟೂಲು, ದುರ್ಬೀನು, ಒಂದು ಹಕ್ಕಿ ಪುಸ್ತಕ. ಅವರೇ ಕರೆದು ದುರ್ಬೀನು ಕಣ್ಣಿಗೆ ಹಿಡಿಸಿದರು. ಜೊಂಡಿನ ನಡುವೆ ಕೋಳಿ ಗಾತ್ರದ ನೇರಳೆ ಹಕ್ಕಿ, ಎಲೆ ಅಡಿಕೆ ಹಾಕಿದ ಹಾಗೆ ಕೆಂಪು ಕೊಕ್ಕು, ಹಣೆ ಕೂಡ ಕೆಂಪು. ಜೊಂಡನ್ನೇ ಬಗ್ಗಿಸಿ ಚಾಪೆ ಮಾಡಿಕೊಂಡು ಮೊಟ್ಟೆಯ ಮೇಲೆ ಕೂತಿತ್ತು. ಚಿಕ್ಕಂದಿನಲ್ಲಿ ಆ ಮೊಟ್ಟೆ ತಂದು ಬೇಯಿಸಿ ತಿಂದದ್ದಿದೆ, ಆದರೆ ಅದು ಮೊಟ್ಟೆಯನ್ನು ಕಾಲಿನಿಂದ ಹೊರಳಿಸಿ ಮತ್ತೆ ಕೂರುವುದನ್ನು ನೋಡಿರಲಿಲ್ಲ. ದುರ್ಬೀನು ವಾಪಸು ಕೊಡಲು ತಡಮಾಡಿದೆ.

ಫೋರ್‌ಮನ್ನರಿಗೂ ಗೊಂದಲವೇ. ಪುಸ್ತಕದಲ್ಲಿ ಈ ಹಕ್ಕಿ ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ ಎಂದು ಬರೆದಿದೆಯಂತೆ. ಇದು ಬೇಸಿಗೆ ಮುಂದಿಟ್ಟುಕೊಂಡು ಕೂತಿದೆ.

"ಮನೆಗಳ ನೀರು ಯಾವಾಗ್ಲೂ ಬರ್ತಾನೇ ಇರತ್ತಲ್ಲಮ್ಮ, ಅದಕ್ಕೂ ಕಾಲ ತಪ್ಪೋಗಿದೆ ಅನ್ಸತ್ತೆ" ಎಂದರು. ಆಮೇಲೆ ಕೇಳಬೇಕಾದ್ದನ್ನು ಕೇಳಿದರು. "ಮರಿ ಆಗೋವರೆಗೂ ತೂಬು ಎತ್ತಬೇಡಿ. ಸುತ್ತ ನೀರು ನಿಂತಿರೋದ್ರಿಂದ್ಲೇ ನಾಯಿಗಳು ಅಲ್ಲಿಗೆ ಹೋಗ್ತಿಲ್ಲ. ನೀರು ಇಳಿದು ಕೆಸರು ಕಂಡ್ರೆ ಒಂದು ಗೂಡೂ ಉಳಿಯಲ್ಲ."

ಅದು ನಿಜ. ಕೋಳಿ ಅಂಗಡಿಯ ತಿಪ್ಪೆ ತಿಂದು ಬೆಳೆದ ನಾಯಿಗಳ ಹಿಂಡೇ ಜೊಂಡಿನ ಕಡೆಯ ದಡದಲ್ಲಿತ್ತು. ಆಗಲಿ ಎಂದು ಹೇಳಿ ಮನೆಗೆ ಬಂದರೆ ವಾರಗಿತ್ತಿ ಜಗುಲಿಯ ಮೇಲೆ ಕೂತಿದ್ದಳು. ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ಬಾಯಿ ದೊಡ್ಡದು. ಏರಿಯ ಕೆಳಗೆ ಗದ್ದೆಗಳೆಲ್ಲ ಸೈಟಾಗಿ ಹೋಗಿ, ಉಳಿದದ್ದು ಸೊಪ್ಪು ಬೆಳೆಯುವ ನಾಲ್ಕೈದು ತುಂಡು. ಅವಳದೂ ಒಂದು. ಬೆಳಗಿನ ಮೊದಲ ಬಸ್ಸಿಗೆ ದಂಟು, ಕೊತ್ತಂಬರಿ, ಮೆಂತ್ಯ ಕಟ್ಟಿಕೊಂಡು ರಸೆಲ್ ಮಾರುಕಟ್ಟೆಗೆ ಹೋಗುವುದು ಅವಳ ಬದುಕು. ಬಿಸಿಲಿಗೆ ಮಡಿಗಳು ಬಾಡುತ್ತಿವೆ, ಬಾವಿಯ ನೀರು ತಳಕ್ಕೆ ಹೋಗಿದೆ, ತೂಬು ಯಾವಾಗ ಎತ್ತುತ್ತೀಯ ಎಂದು ಕೇಳಲು ಬಂದಿದ್ದಳು. ಹಕ್ಕಿ ವಿಷಯ ಹೇಳಿದೆ.

"ಅಕ್ಕಾ, ನಾನೇನು ಹಕ್ಕಿ ಬೇಯಿಸ್ಕೊಂಡು ತಿನ್ನಾಕೆ ನೀರು ಕೇಳ್ತಿದೀನಾ? ಕಾಲೋನಿಯೋರು ಸೊಪ್ಪು ತಿನ್ನಲ್ವಾ, ಬರೀ ನೋಡ್ತಾರಾ?"

ಇಬ್ಬರಿಗೂ ಆಗುವ ದಾರಿ ನನ್ನ ಹತ್ತಿರ ಇದೆ ಎಂದುಕೊಂಡೆ. ಮಾವ ಹೇಳಿದ ಮೂರನೇ ಅಡ್ಡಗಲ್ಲು. ಅಲ್ಲಿಯವರೆಗೆ ಬಿಟ್ಟರೆ ಅವಳ ಮಡಿ ಉಳಿಯುತ್ತದೆ. ಅಲ್ಲಿ ನಿಲ್ಲಿಸಿದರೆ ಕೆರೆಯಲ್ಲಿ ಗಂಗಮ್ಮನ ಪಾಲು ಉಳಿಯುತ್ತದೆ, ಜೊಂಡಿನ ಸುತ್ತ ತೊಡೆಮಟ್ಟ ನೀರಿರುತ್ತದೆ. ಫೋರ್‌ಮನ್ನರಿಗೆ ಹಾಗೇ ಹೇಳಿದೆ. ಅವರು ಕಲ್ಲುಗಳನ್ನು ದುರ್ಬೀನಿನಲ್ಲಿ ನೋಡಿ ಲೆಕ್ಕ ಹಾಕಿ, ಹಳೆಯವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ ಎಂದು ಖುಷಿಪಟ್ಟರು. ನನಗೂ ಖುಷಿಯಾಯಿತು.

ಮಾರನೇ ಬೆಳಿಗ್ಗೆ ಕಂಬಕ್ಕೆ ಅರಿಶಿನ ಕುಂಕುಮ ಇಟ್ಟು, ಒಂದು ಹಿಡಿ ಮೊಸರನ್ನ ನೀರಿಗೆ ಬಿಟ್ಟು, ಸೀರೆ ಎತ್ತಿ ಕಟ್ಟಿ ಇಳಿದೆ. ಬಿರಡೆಗೆ ಸುತ್ತಿದ ಹಳೇ ಗೋಣಿಯೂ ಜೇಡಿಮಣ್ಣೂ ಕಚ್ಚಿಕೊಂಡಿರುತ್ತವೆ. ಕೋಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಸಡಿಲ ಮಾಡಿ ಎತ್ತಬೇಕು, ನೇರ ಎಳೆದರೆ ಕೋಲು ಮುರಿಯುತ್ತದೆ. ಎತ್ತಿ, ಕೋಲಿನ ತೂತಿಗೆ ಗೂಟ ಸಿಕ್ಕಿಸಿ ಅಡ್ಡಗಲ್ಲಿನ ಮೇಲೆ ನಿಲ್ಲಿಸಿದೆ. ಮೋರಿಯಲ್ಲಿ ನೀರು ಗುಡುಗುಟ್ಟುತ್ತಾ ಹೋಯಿತು. ಕಾಲುವೆಯ ಕಡೆಯಿಂದ ವಾರಗಿತ್ತಿ ಬಂತು ಬಂತು ಎಂದಳು. ಹಾಗೆ ದಿನಾ ಬೆಳಿಗ್ಗೆ ಎತ್ತುವುದು, ಸಂಜೆ ಮುಚ್ಚುವುದು.

ಮೊದಲ ಅಡ್ಡಗಲ್ಲು ಹೊರಗೆ ಬಂತು. ಕೆಲವು ದಿನದಲ್ಲಿ ಎರಡನೆಯದೂ ಬಂತು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋರ್‌ಮನ್ನರು ಮನೆ ಬಾಗಿಲಿಗೇ ಬಂದರು. ಸ್ಟೂಲು ದುರ್ಬೀನು ಏನೂ ಇಲ್ಲ, ಉಸಿರು ಹತ್ತಿದೆ. ದಡದ ಕಡೆ ಜೊಂಡಿನ ಪಕ್ಕ ಕೆಸರು ಕಾಣುತ್ತಿದೆ ಎಂದರು. ಇನ್ನೂ ಎರಡನೇ ಕಲ್ಲು, ಆಗುವುದಿಲ್ಲ ಎಂದೆ. ಬಂದು ನೋಡಿ ಎಂದರು. ಕೈ ತೊಳೆದು ಹೋಗಿ ನೋಡಿದರೆ ನಿಜ. ಮೂರನೇ ಅಡ್ಡಗಲ್ಲು ಇನ್ನೂ ನೀರಿನೊಳಗಿದೆ, ಆದರೆ ದಡದ ಕಡೆ ಜೊಂಡಿನ ಮಗ್ಗುಲಲ್ಲಿ ಕೆಸರು ಕಪ್ಪಗೆ ಹೊಳೆಯುತ್ತಿದೆ. ಒಂದು ನಾಯಿ ಆಗಲೇ ಅದರ ಮೇಲೆ ಕಾಲಿಟ್ಟು, ಹೂತುಕೊಂಡು, ಹಿಂದಕ್ಕೆ ಬಂದು, ಕಾಲು ನೆಕ್ಕುತ್ತಾ ನಿಂತಿತ್ತು.

ನನಗೆ ತಲೆಯೇ ಓಡಲಿಲ್ಲ. ಕಲ್ಲು ಅದೇ, ಕೆರೆ ಅದೇ. ಮತ್ತೆ ಪಾಲು ಎಲ್ಲಿ ಹೋಯಿತು? ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿದ ಮೇಲೆ ಹೊಳೆಯಿತು. ಮಾವನ ಕಾಲದಲ್ಲಿ ಪ್ರತಿ ಬೇಸಿಗೆ ರೈತರು ಗಾಡಿ ಕಟ್ಟಿಕೊಂಡು ಬಂದು ಕೆರೆಯ ಗೋಡುಮಣ್ಣು ತುಂಬಿಕೊಂಡು ಹೋಗಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲ ಸೈಟಾದ ಮೇಲೆ ಗೋಡು ಯಾರಿಗೆ ಬೇಕು? ಹೂಳು ಅಲ್ಲೇ ಉಳಿಯಿತು. ಅದರ ಮೇಲೆ ಬಚ್ಚಲ ಕೊಳೆ, ಅದರ ಮೇಲೆ ಒಡೆದ ಮನೆಗಳ ಇಟ್ಟಿಗೆ, ಗಾರೆ. ಕೆರೆಯ ತಳ ಮೇಲಕ್ಕೆ ಬಂದಿತ್ತು. ನೀರು ಮಾತ್ರ ತುಂಬಿದ ಹಾಗೇ ಕಾಣುತ್ತಿತ್ತು. ಮೂರನೇ ಕಲ್ಲಿನಿಂದ ಕೆಳಗೆ ಗಂಗಮ್ಮನಿಗೆ ಉಳಿದಿದ್ದ ಪಾಲು ಹೆಚ್ಚುಕಡಿಮೆ ಕೆಸರೇ. ಆ ಕಲ್ಲನ್ನು ನಂಬಿ ನಾನು ಇಬ್ಬರಿಗೆ ಮಾತು ಕೊಟ್ಟಿದ್ದೆ.

ಇಳಿದು ಗೂಟ ತೆಗೆದು ಕೋಲು ಬಿಟ್ಟೆ. ಬಿರಡೆ ಕೂರಲಿಲ್ಲ. ಒಂದು ಗೇಣು ಮೇಲೇ ನಿಂತಿತು. ಎತ್ತಿ ಬಿಟ್ಟೆ, ತಿರುಗಿಸಿ ಒತ್ತಿದೆ, ಕೋಲಿನ ತಲೆಗೆ ಕಲ್ಲಿನಿಂದ ಹೊಡೆದೆ. ಏನೋ ಗಟ್ಟಿ ಸಿಕ್ಕಿಕೊಂಡಿತ್ತು. ನೀರು ಹೋಗುತ್ತಲೇ ಇತ್ತು. ಗೋಣಿಚೀಲಕ್ಕೆ ಹುಲ್ಲು ತುಂಬಿ ಕೋಲಿನ ಪಕ್ಕದಲ್ಲಿ ತುರುಕಿದರೆ ಅದನ್ನೂ ಎಳೆದುಕೊಂಡು ಆಚೆ ಕಾಲುವೆಗೆ ಉಗುಳಿತು.

ಮೀನು ಗುತ್ತಿಗೆ ಹಿಡಿದ ಭಾಯಿ ಶಿವಾಜಿನಗರದವನು. ನೀರು ಇಳಿದರೆ ಬಲೆಗೆ ಅನುಕೂಲ ಎಂದು ಅಷ್ಟು ದಿನ ಸಂತೋಷದಿಂದ ಓಡಾಡಿಕೊಂಡಿದ್ದ. ಹೀಗೆ ಒಂದೇ ಸಮ ಹೋದರೆ ಮೀನೆಲ್ಲ ಮೋರಿಯಲ್ಲಿ ಹೋಗುತ್ತದೆ ಎಂದು ಅರ್ಥವಾದ ಮೇಲೆ ಅಂಗಿ ಬಿಚ್ಚಿದ. ಎದೆಮಟ್ಟ ಇಳಿದು ಕಾಲಿನಿಂದ ತಡಕಿದ. ಕಾಂಕ್ರೀಟಿನ ತುಂಡು, ಕಬ್ಬಿಣದ ಸರಳು ಸಮೇತ ಕಂಡಿಗೆ ಅಡ್ಡ ಕೂತಿದೆ ಎಂದ. ಎಳೆಯಲು ನೋಡಿದ. ಇದ್ದಕ್ಕಿದ್ದ ಹಾಗೆ ಕಂಬ ತಬ್ಬಿಕೊಂಡ.

"ಅಮ್ಮಾ, ಕಾಲು ಎಳೀತಿದೆ. ನಿಮ್ ಗಂಗಮ್ಮಂಗೆ ಹೇಳಿ, ಮೀನು ಬೇಕಾದ್ರೆ ಇಟ್ಕೊಳ್ಲಿ, ಕಾಲು ನಂದು."

ನಾನೂ ಫೋರ್‌ಮನ್ನರೂ ಹಗ್ಗ ಹಾಕಿ ಎಳೆದೆವು. ಕಾಲು ಬಂತು, ಪಾದದ ಮೇಲೆ ಸರಳು ಗೀರಿದ ಗಾಯ. ಇನ್ನು ಯಾರೂ ಇಳಿಯಬೇಡಿ ಎಂದೆ.

ಅಷ್ಟು ಹೊತ್ತಿಗೆ ಕಾಲೋನಿಯ ಜನ ಸೇರಿದ್ದರು. ಫೋರ್‌ಮನ್ನರು ಆಚೆ ಹೋಗಿ ಮೋರಿಯ ಬಾಯಿ ನೋಡಿಕೊಂಡು ಬಂದರು. ಪಕ್ಕದ ಕಟ್ಟಡದಲ್ಲಿ ಮರಳು ಇದೆ, ಚೀಲ ತುಂಬಿ ಹೊರಗಡೆಯಿಂದ ಬಾಯಿ ಕಟ್ಟಿಬಿಡೋಣ ಎಂದರು. ಹುಡುಗರು ಚೀಲ ತರಲು ಓಡಿದರು. ಎಲ್ಲರಿಗೂ ಜೀವ ಬಂತು. ನನಗೆ ಮಾತ್ರ ಮಾವನ ಎರಡನೇ ಮಾತು ನೆನಪಾಯಿತು.

ಇಲ್ಲಿ ನನಗೆ ಆದದ್ದನ್ನು ಸರಿಯಾಗಿ ಹೇಳಬೇಕು. ಮಾವನ ಮೊದಲನೇ ಮಾತು ನನ್ನ ಕಣ್ಣ ಮುಂದೆಯೇ ಸುಳ್ಳಾಗಿತ್ತು. ಅವರು ಸುಳ್ಳು ಹೇಳಿದ್ದಲ್ಲ, ಅವರ ಕಾಲ ಹೋಗಿತ್ತು. ಹಾಗಾದರೆ ಎರಡನೆಯದು? ಅದೂ ಕಾಲ ಹೋದ ಮಾತೇ ಇರಬಹುದು. ಕೆರೆಯಲ್ಲಿ ಈಗ ಮೊದಲಿನಷ್ಟು ಆಳ ಇಲ್ಲ, ಏರಿಯ ಮೇಲೆ ಲಾರಿ ಓಡಾಡಿ ಮಣ್ಣು ಗಟ್ಟಿಯಾಗಿದೆ. ಒಂದು ರಾತ್ರಿ ಮುಚ್ಚಿದರೆ ಏನೂ ಆಗದೇ ಇರಬಹುದು. ಆದರೆ ಏರಿಯ ಕೆಳಗೆ ಮೊದಲು ರಾಗಿ ಹೊಲ ಇದ್ದ ಕಡೆ ಈಗ ಶೀಟಿನ ಮನೆಗಳು ಸಾಲಾಗಿ ನಿಂತಿವೆ. ಗಾರೆ ಕೆಲಸದವರು, ತೊಟ್ಟಿಲು ಕಟ್ಟಿದ ಮನೆಗಳು. ಮೋರಿ ಕಲ್ಲಿನದು, ಸಂದುಗಳಲ್ಲಿ ಗಾರೆ ಉಳಿದಿದೆಯೋ ಇಲ್ಲವೋ ಒಳಗೆ ಹೋಗಿ ನೋಡಿದವರು ಯಾರೂ ಇಲ್ಲ. ಯಾವ ಮಾತನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಯಾರಿದ್ದರು?

ಹೋಗಿ ಮೋರಿಯ ಬಾಯಿಯ ಮುಂದೆ ಕಾಲುವೆಯಲ್ಲೇ ನಿಂತೆ. ನೀರು ಮೊಣಕಾಲಿಗೆ ಹೊಡೆಯುತ್ತಿತ್ತು.

"ಚೀಲ ಹಾಕಬೇಡಿ ಸಾರ್" ಎಂದೆ.

"ಯಾಕಮ್ಮ? ಒಂದೇ ರಾತ್ರಿ."

"ಏರಿ ಒಡದ್ರೆ?"

"ಒಡೆಯತ್ತೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ."

"ಮತ್ತೆ? ಮೂರನೇ ಕಲ್ಲಿಂದು ಗೊತ್ತು ಅಂದ್ರಿ, ಏನಾಯ್ತು ನೋಡಿದ್ರಲ್ಲ."

ಆ ಮಾತು ತಗುಲಿತು. ಅವರು ಫ್ಯಾಕ್ಟರಿಯಲ್ಲಿ ನಲವತ್ತು ಜನರನ್ನು ಆಳಿದವರು. ಅವರ ಮಾತೇ ಸರಿ ಇದ್ದರೂ ಇರಬಹುದು, ಇವತ್ತಿಗೂ ಅದೇ ಹೇಳುತ್ತೇನೆ. ಹಿಂದೆ ಹುಡುಗರು ಮರಳು ಚೀಲ ಹೊತ್ತು ಕಾಯುತ್ತಿದ್ದರು. ಶೀಟಿನ ಮನೆಯ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಇಟ್ಟುಕೊಂಡು ಏನು ಗಲಾಟೆ ಎಂದು ತಮಿಳಿನಲ್ಲಿ ಕೇಳುತ್ತಿದ್ದಳು. ಯಾರೂ ಅವಳಿಗೆ ಹೇಳಲಿಲ್ಲ.

"ಗೂಡು ಹೋದ್ರೆ ಹೋಗ್ಲಿ ಸಾರ್. ಹಕ್ಕಿ ಇನ್ನೊಂದು ಸಲ ಇಡ್ತದೆ. ಮನೆ ಹೋದ್ರೆ ಯಾರು ಕಟ್ಟಿಕೊಡ್ತಾರೆ? ಚೀಲ ಹಾಕೋದಾದ್ರೆ ನನ್ನ ಮೇಲೇ ಹಾಕಿ."

ಫೋರ್‌ಮನ್ನರು ಶೀಟಿನ ಮನೆಗಳ ಕಡೆ ನೋಡಿದರು. ಆಮೇಲೆ ಹುಡುಗರಿಗೆ ಚೀಲ ಇಳಿಸಿ ಎಂದರು. ಕಾಲೋನಿಯವರೊಬ್ಬರು, ಮೊಟ್ಟೆ ತಿಂದು ಬೆಳೆದವರಿಗೆ ಏನು ಗೊತ್ತಾಗುತ್ತೆ ಎಂದು ನನಗೆ ಕೇಳುವ ಹಾಗೆ ಹೇಳಿಕೊಂಡು ಹೋದರು. ತಿಂದದ್ದು ನಿಜವೇ. ಇತ್ತ ವಾರಗಿತ್ತಿಯ ಮಡಿಗೆ ನೀರು ಹೆಚ್ಚಾಗಿ ಕೊತ್ತಂಬರಿ ಕೊಳೆಯುವ ಹಾಗೆ ನಿಂತಿತ್ತು. ಅವಳು ಸಲಿಕೆ ಹಿಡಿದು ಕಾಲುವೆ ಒಡೆದು ನೀರನ್ನು ಖಾಲಿ ಸೈಟಿಗೆ ತಿರುಗಿಸುತ್ತಿದ್ದಳು. ನಾನೂ ಒಂದು ಸಲಿಕೆ ತೆಗೆದುಕೊಂಡೆ.

"ಬೇಕು ಅಂದಾಗ ಬರಲ್ಲ, ಬೇಡಾ ಅಂದಾಗ ನಿಲ್ಲಲ್ಲ. ನಿನ್ ತೂಬೂ ನಿನ್ ಹಂಗೇ ಕಣಕ್ಕ" ಎಂದಳು.

ಕತ್ತಲಾಗುವವರೆಗೆ ತಿರುಗಿಸಿದೆವು. ಮನೆಗೆ ಬಂದು ಮೈ ತೊಳೆದುಕೊಂಡು, ಮುದ್ದೆ ತಿಂದು ಮಲಗಿದೆ. ನಿದ್ದೆ ಬಂತು. ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬಂತು.

ಬೆಳಿಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಹೋದೆ. ಏರಿ ಹತ್ತುವಾಗಲೇ ಏನೋ ಬೇರೆ ಅನ್ನಿಸಿತು. ಮೋರಿಯ ಸದ್ದು ಇಲ್ಲ. ಕಾಲುವೆಯಲ್ಲಿ ಒಂದು ಎಳೆಯಷ್ಟು ನೀರು ಜಿನುಗುತ್ತಿತ್ತು. ಮೂರನೇ ಅಡ್ಡಗಲ್ಲು ಹೊರಗೆ ಬಂದಿತ್ತು, ಅಲ್ಲಿಗೆ ನಿಂತಿತ್ತು. ಇಳಿದು ಕೋಲಿನ ಬುಡಕ್ಕೆ ಕೈ ಹಾಕಿ ನೋಡಿದೆ. ಪ್ಲಾಸ್ಟಿಕ್ ಕವರು. ಹಾಲಿನದು, ಅಂಗಡಿಯದು, ಹರಿದ ಟಾರ್ಪಾಲು, ಅದರ ಜೊತೆ ಅಂತರಗಂಗೆ ಗಿಡದ ಬೇರು. ರಾತ್ರಿಯೆಲ್ಲ ಕೆರೆಯ ಕಸವನ್ನು ಆ ಕಂಡಿಯೇ ಎಳೆದುಕೊಂಡಿತ್ತು, ಅದೆಲ್ಲ ಕಾಂಕ್ರೀಟಿಗೂ ಬಿರಡೆಗೂ ನಡುವೆ ಅಂಟಿನ ಹಾಗೆ ಕೂತುಬಿಟ್ಟಿತ್ತು. ನಾನು ಹುಲ್ಲು ತುಂಬಿದ ಚೀಲದಲ್ಲಿ ಮಾಡಲಾಗದ್ದನ್ನು ಅದು ಮಾಡಿತ್ತು, ಅದೂ ಏರಿಗೆ ಭಯವಿಲ್ಲದ ಹಾಗೆ ಒಳಗಡೆಯಿಂದ. ಕೆರೆಯನ್ನು ಹಾಳು ಮಾಡಿದ್ದೂ ಅದೇ. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕು ಎಂದು ನನಗೆ ಇನ್ನೂ ತಿಳಿದಿಲ್ಲ.

ದಡದ ಕಡೆಯೆಲ್ಲ ಕೆಸರು, ಒಳಗಿನ ಜೊಂಡಿನ ಸುತ್ತ ಮಾತ್ರ ಪಾದ ಮುಳುಗುವಷ್ಟು ನೀರಿತ್ತು, ಅಷ್ಟೇ. ದಡದ ಕಡೆಯ ಒಂದು ಗೂಡು ಹೋಗಿತ್ತು, ಚಾಪೆ ಕಿತ್ತು ಬಿದ್ದಿತ್ತು. ಒಳಗಿನವು ಇದ್ದವು. ನೇರಳೆ ಹಕ್ಕಿ ಕೂತಲ್ಲೇ ಕೂತಿತ್ತು.

ಫೋರ್‌ಮನ್ನರು ಬಂದರು. ನೀರು ನಿಂತದ್ದನ್ನು ನೋಡಿದರು, ನನ್ನ ಒದ್ದೆ ಸೀರೆ ನೋಡಿದರು, ಕಣ್ಣು ತುಂಬಿಕೊಂಡರು. ರಾತ್ರಿ ಒಬ್ಬರೇ ಬಂದು ಮುಚ್ಚಿದ್ದೀರಿ, ನಾನು ಏನೇನೋ ಅಂದುಬಿಟ್ಟೆ ಎಂದರು. ಪ್ಲಾಸ್ಟಿಕ್ ಎಂದೆ. ನಕ್ಕರು, ನೀವು ಹೀಗೇ ಹೇಳುತ್ತೀರಿ ಎಂದು ಗೊತ್ತಿತ್ತು ಎಂದರು. ಅವರ ಹಿಂದೆ, ಜೊಂಡಿನ ಕಡೆಯ ದಡದಿಂದ ನಾಯಿಗಳು ಒಂದೊಂದಾಗಿ ನೀರಿಗೆ ಇಳಿಯುತ್ತಿದ್ದವು. ಪಾದ ಮುಳುಗುವ ನೀರು ಅವಕ್ಕೆ ಏನು ಲೆಕ್ಕ?

ನಾನು ಹೊಂಗೆಯ ಒಂದು ಕೊಂಬೆ ಮುರಿದುಕೊಂಡು ಕೆಸರಿಗೆ ಇಳಿದೆ.

"ಕಣ್ಣೀರು ಆಮೇಲೆ ಸಾರ್" ಎಂದೆ. "ಚಪ್ಪಲಿ ಬಿಟ್ಟು ಇಳೀರಿ. ನೀವು ಆ ಕಡೆಯಿಂದ ಓಡಿಸಿ, ನಾನು ಈ ಕಡೆಯಿಂದ."